ದಿಬ್ಬದ ಮೇಲೆ ಕರೆಂಟ್ ಕಮ್ಮಿ

ನನ್ನ ಅಂಗಡಿಯಲ್ಲಿ ‘ಕರೆಂಟ್’ ಎಂಬ ಪದವನ್ನು ನಾನು ಒಂದಷ್ಟು ಕಾಲ ನಿಷೇಧಿಸಿದ್ದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕರೆಂಟ್ ಅನ್ನಬೇಡಿ ಎಂದರೆ ಹೋಟೆಲಿನಲ್ಲಿ ಉಪ್ಪು ಅನ್ನಬೇಡಿ ಎಂದ ಹಾಗೆ. ಈಯಮ್ಮನಿಗೆ ತಲೆ ಕೆಟ್ಟಿದೆ ಎಂದು ಬೆಂಗಳೂರಿನ ಶ್ರೀನಗರದ ನಮ್ಮ ಬೀದಿಯವರು ಆಡಿಕೊಂಡರು. ಕೆಟ್ಟಿದ್ದು ನಿಜವೇ. ತಾನಾಗಿ ಕೆಡಲಿಲ್ಲ, ಮೂರು ಜನ ಗಂಡಸರು ಸೇರಿ ಕೆಡಿಸಿದರು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಬ್ಯಾಟರಿ ಸ್ಕೂಟರುಗಳು ಆಗಷ್ಟೇ ಬೆಂಗಳೂರಿನ ರಸ್ತೆಗೆ ಇಳಿದಿದ್ದವು. ಫ್ಲೈಓವರ್ ಬಂದರೆ ಕಾಲು ಕೆಳಗಿಟ್ಟು ತಳ್ಳಬೇಕಾದಂಥ ಗಾಡಿಗಳು. ಅವು ರಿಪೇರಿಗೆ ನನ್ನ ಅಂಗಡಿಗೂ ಬರುತ್ತಿದ್ದವು. ತಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: “ಸಾರ್ ಇಲ್ವಾ ಮೇಡಂ?” ಯಾವ ಸಾರ್? ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು ನಾನು, ಅಂಗಡಿ ಹಾಕಿದವಳು ನಾನು, ವಾರ್ನಿಷ್ ಅಂಟಿ ಗಟ್ಟಿಯಾದ ಬೆರಳುಗಳು ನನ್ನವು. “ಸಾರೂ ಇಲ್ಲ, ಹುಳೀನೂ ಇಲ್ಲ. ಏನಾಗ್ಬೇಕು ಹೇಳಿ” ಎನ್ನುತ್ತಿದ್ದೆ. ಹೀಗೆ ಮಾತಾಡಿದ್ದಕ್ಕೆ ಎಷ್ಟೋ ಗಿರಾಕಿಗಳು ಹೊರಟುಹೋದದ್ದೂ ಉಂಟು. ಹೋಗಲಿ ಬಿಡಿ.

ಸಾರ್ ಎಲ್ಲಿ ಎಂದು ಕೇಳದೆ ಒಳಗೆ ಬಂದವನು ಒಬ್ಬ ಬೈಕ್ ರೇಸಿನ ಸವಾರ. ನನಗೆ ಮೊದಲೇ ಪರಿಚಯ. ಜೆ.ಪಿ. ನಗರದ ಆಚೆ ಇದ್ದ ಹಳೆಯ ಊರಿನ ರೈತರ ಮನೆಯವನು. ಅವರ ರಾಗಿ ಹೊಲವೆಲ್ಲ ಸೈಟಾಗಿ, ಈಗ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕಟ್ಟಡವಿತ್ತು. ಅಲ್ಲಿನ ಯುಪಿಎಸ್ ರಿಪೇರಿಗೆ ನಾನೇ ಹೋಗುತ್ತಿದ್ದೆ. ಮಣ್ಣಿನ ಟ್ರ್ಯಾಕಿನ ಬೈಕ್ ರೇಸುಗಳಲ್ಲಿ ಅವನು ಹೆಸರು ಮಾಡಿದ್ದ. ಎರಡು ವರ್ಷದ ಹಿಂದೆ ಒಂದು ರೇಸಿನಲ್ಲಿ ಬಿದ್ದು ಎಡ ಭುಜದ ನರ ಕಿತ್ತುಹೋಗಿತ್ತು. ಎಡಗೈ ಹ್ಯಾಂಡಲ್ ಹಿಡಿದುಕೊಳ್ಳುತ್ತಿತ್ತು, ಆದರೆ ಕ್ಲಚ್ ಎಳೆಯುವಷ್ಟು ಬಲ ಬೆರಳಿಗೆ ವಾಪಸ್ ಬರಲೇ ಇಲ್ಲ. ಕ್ಲಚ್ ಇಲ್ಲದೆ ಪೆಟ್ರೋಲ್ ಗಾಡಿಯಲ್ಲಿ ರೇಸಿಲ್ಲ. ಅಂದಿನಿಂದ ಅವನು ಬಿಟಿಎಂ ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಡಿಗೆದಾರರ ಬೈಕುಗಳು ಹೋಗಿ ಬರುವುದನ್ನು ನೋಡುತ್ತಿದ್ದ.

ಗೂಡ್ಸ್ ಆಟೋದಲ್ಲಿ ತನ್ನ ಹಳೆಯ ಡರ್ಟ್ ಬೈಕನ್ನು ಹೇರಿಕೊಂಡು ಬಂದಿದ್ದ.

“ಅಕ್ಕ, ಇದರ ಇಂಜಿನ್ ಕಿತ್ತಾಕಿ ಮೋಟಾರ್ ಕೂರಿಸ್ಬೇಕು. ಬ್ಯಾಟರಿಲಿ ಓಡ್ಬೇಕು. ಮೋಟಾರಿಗೆ ಕ್ಲಚ್ ಬೇಡ, ಗೇರ್ ಬೇಡ. ಬಲಗೈಲಿ ಎಕ್ಸಲರೇಟರ್ ತಿರುಗಿಸಿದ್ರೆ ಆಯ್ತು, ಅಲ್ವಾ?”

“ಆಮೇಲೆ?”

“ಆಮೇಲೆ ರೇಸು.”

“ನಿಮ್ಮನೇಲಿ ಏನಂತಾರೆ?”

“ಹುಚ್ಚು ಅಂತಾರೆ. ನೀವೇನಂತೀರಾ?”

ಹುಚ್ಚು ಎಂದು ನಾನೂ ಅನ್ನುವವಳೇ. ಆದರೆ ಅವನ ಮನೆಯವರು ಅಂದರೆಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡೆ. ಹೆಂಗಸಿಗೇಕೆ ಮೋಟಾರ್ ಅಂಗಡಿ, ಹುಚ್ಚಾ ಎಂದು ನನ್ನ ಮನೆಯವರೂ ಹೀಗೇ ಅಂದಿದ್ದರು.

ಅವನು ರೇಸಿನ ಸಂಘಟಕರನ್ನು ಆಗಲೇ ಹೋಗಿ, ತನ್ನ ಕೈಯ ವಿಷಯ ಹೇಳಿಯೇ ಕೇಳಿದ್ದ. ದಸರಾ ಕಳೆದ ಮೇಲೆ ಊರಾಚೆ ಒಂದು ರೇಸಿತ್ತು. ಬ್ಯಾಟರಿ ಗಾಡಿ ದಿಬ್ಬದ ಮಧ್ಯೆ ನಿಂತುಹೋದರೆ ಹಿಂದಿನಿಂದ ಬಂದವರು ಮೈಮೇಲೆ ಬೀಳುತ್ತಾರೆ ಎಂಬುದು ಅವರ ಹೆದರಿಕೆ. ಅದಕ್ಕೇ ಒಂದು ಷರತ್ತು ಹಾಕಿದ್ದರು: ರೇಸಿನ ಹಿಂದಿನ ದಿನ ತಪಾಸಣೆಯಲ್ಲಿ ಗಾಡಿ ದಿಬ್ಬದ ಅರ್ಧಕ್ಕೆ ಹತ್ತಿ ಪೂರ್ತಿ ನಿಲ್ಲಬೇಕು, ನಿಂತಲ್ಲಿಂದ ಮತ್ತೆ ಹೊರಟು ತುದಿ ಮುಟ್ಟಬೇಕು. ಹಾಗೆ ಮಾಡಿದರೆ ಬಿಡೋಣ ಎಂದಿದ್ದರು. ನ್ಯಾಯವಾದ ಮಾತು ಎಂದೇ ನನಗೂ ಅನ್ನಿಸಿತು.

ಗುಜರಿಯಲ್ಲಿ ಒಂದು ಮೋಟಾರ್ ಹುಡುಕಿದೆ. ಗೋಡೌನಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟಿನದು, ನಲವತ್ತೆಂಟು ವೋಲ್ಟಿನ ಡಿಸಿ ಮೋಟಾರ್. ನೋಡಲು ಕುಳ್ಳು, ಎತ್ತಿದರೆ ಸೊಂಟ ಮುರಿಯುವಷ್ಟು ಭಾರ. ಬಿಚ್ಚಿ, ಕಾಯಿಲ್‌ಗಳಿಗೆ ಹೊಸದಾಗಿ ವಾರ್ನಿಷ್ ಹೊಡೆದು, ಬೇರಿಂಗ್ ಬದಲಾಯಿಸಿ, ಕಾರ್ಬನ್ ಬ್ರಶ್ ಉಜ್ಜಿ ಕೂರಿಸಿದೆ. ಅದೇ ಫೋರ್ಕ್‌ಲಿಫ್ಟಿನ ಕಂಟ್ರೋಲರ್ ಕೂಡ ಸಿಕ್ಕಿತು. ಎಕ್ಸಲರೇಟರ್ ಎಷ್ಟು ತಿರುಗಿಸಿದರೆ ಮೋಟಾರಿಗೆ ಎಷ್ಟು ಬಿಡಬೇಕು ಎಂದು ನಿರ್ಧರಿಸುವ ಡಬ್ಬಿ ಅದು. ಬ್ಯಾಟರಿಯ ವೋಲ್ಟೇಜ್ ನಲವತ್ತಕ್ಕಿಂತ ಕೆಳಗಿಳಿದರೆ, ಬ್ಯಾಟರಿ ಸತ್ತುಹೋಗದಿರಲಿ ಎಂದು, ತಾನೇ ಎಲ್ಲ ನಿಲ್ಲಿಸಿಬಿಡುತ್ತದೆ.

ಮೋಟಾರನ್ನು ಚಾಸಿಗೆ ಕೂರಿಸುವುದು, ಚೈನು, ಚೈನು ಕೂರುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್ಟು, ಬ್ಯಾಟರಿಗೆ ಪಂಜರ ಎಲ್ಲ ಬನಶಂಕರಿಯ ಗ್ಯಾರೇಜಿನವರ ಪಾಲಿಗೆ. ಸವಾರನಿಗೆ ಮೊದಲಿನಿಂದಲೂ ಬೈಕ್ ಕಟ್ಟಿಕೊಟ್ಟವರು ಅವರೇ, ಐವತ್ತು ದಾಟಿದ ಮನುಷ್ಯ. ಬ್ಯಾಟರಿ ತಂದವನು ಜಯನಗರದ ಅಂಗಡಿಯವನು. ಬಿಜಾಪುರದ ಕಡೆಯಿಂದ ಬಂದು ಸವಾರನ ಬಿಟಿಎಂ ಕಟ್ಟಡದಲ್ಲೇ ಬಾಡಿಗೆಗಿದ್ದ. ಯಾವುದೋ ಆಫೀಸಿನಿಂದ ಬಿಚ್ಚಿ ತಂದ ಹನ್ನೆರಡು ವೋಲ್ಟಿನ, ನೀರು ಹಾಕಬೇಕಿಲ್ಲದ ನಾಲ್ಕು ಸೀಲ್ಡ್ ಬ್ಯಾಟರಿ ಕೊಟ್ಟ. ನಾಲ್ಕನ್ನೂ ಸಾಲಾಗಿ ಜೋಡಿಸಿದರೆ ನಲವತ್ತೆಂಟು ವೋಲ್ಟು. ಲೆಕ್ಕ ಸರಿಹೋಯಿತು, ಎಲ್ಲರಿಗೂ ಖುಷಿ.

ಬನಶಂಕರಿಯ ಗ್ಯಾರೇಜಿನ ರಸ್ತೆಯಲ್ಲಿ ಗಾಡಿ ಹೊರಟಾಗ ಸವಾರ ಕಿರುಚಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಗ್ಯಾರೇಜಿನವರು “ಸಖತ್ತಾಗಿದೆ ಮಗಾ!” ಎಂದು ಕುಣಿದರು. ಬ್ಯಾಟರಿಯವನು ಎಲ್ಲರಿಗೂ ಬಾಳೆಹಣ್ಣಿನ ಬನ್ ಕೊಡಿಸಿದ. ನಾನೂ ಎರಡು ತಿಂದೆ.

ತೊಂದರೆ ಶುರುವಾದದ್ದು ದಿಬ್ಬದಲ್ಲಿ. ಸವಾರನ ಮನೆಯವರ ಒಂದು ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟಿನ ಪಾಯದಿಂದ ತೆಗೆದ ಕೆಮ್ಮಣ್ಣು ಸುರಿದು ಗುಡ್ಡವಾಗಿತ್ತು. ಅದರ ಮೇಲೆ ಅವನ ಅಭ್ಯಾಸ. ಗಾಡಿ ಅರ್ಧಕ್ಕೆ ಹೋಗಿ ಗಪ್ಪನೆ ಸತ್ತುಹೋಗುತ್ತಿತ್ತು. ಒಂದು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಓಡುತ್ತಿತ್ತು. ಸವಾರ ಮೊಬೈಲ್ ತೆಗೆದು ನಮ್ಮ ಮೂವರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದ. ಮೂವರಿಗೂ ಹೇಳಿದ್ದು ಒಂದೇ ಮಾತು: “ದಿಬ್ಬದ ಮೇಲೆ ಕರೆಂಟ್ ಕಮ್ಮಿ ಆಗುತ್ತೆ.”

ಇಲ್ಲೇ ಮನೆ ಹಾಳಾಗಿದ್ದು. ನಮ್ಮ ಜನರಿಗೆ ಕರೆಂಟ್ ಅಂದರೆ ಏನು ತಾನೇ ಅಲ್ಲ? ದೀಪ ಆರಿದರೆ ಕರೆಂಟ್ ಹೋಯ್ತು. ಬಲ್ಬು ಮಂಕಾದರೆ ಕರೆಂಟ್ ಕಮ್ಮಿ. ತಿಂಗಳ ಬಿಲ್ಲು ಕರೆಂಟ್. ಬೀದಿಯ ಕಂಬ ಕರೆಂಟ್. ಶಾಕ್ ಹೊಡೆದರೆ ‘ಕರೆಂಟ್ ಹೊಡೀತು’. ಒಂದು ಪದವನ್ನು ಇಡೀ ಊರಿನ ಗೋಣಿಚೀಲ ಮಾಡಿ ಸಿಕ್ಕಿದ್ದನ್ನೆಲ್ಲ ಅದಕ್ಕೇ ತುಂಬಿದ್ದೇವೆ.

ಗ್ಯಾರೇಜಿನವರ ಕಿವಿಗೆ ಅದು ‘ಗಾಡಿಗೆ ಎಳೆತ ಸಾಲದು’ ಎಂದು ಬಿತ್ತು. ಹಳೆಯ ರೇಸಿನ ಬುದ್ಧಿ ಓಡಿಸಿದರು: ಎಳೆತ ಸಾಲದಿದ್ದರೆ ಕೆಳಗಿನಿಂದಲೇ ವೇಗವಾಗಿ ಬಂದು ಆ ರಭಸದಲ್ಲೇ ಹತ್ತಬೇಕು. ವೇಗ ಹೆಚ್ಚಲೆಂದು ಹಿಂದಿನ ಚಕ್ರಕ್ಕೆ ಸಣ್ಣ ಸ್ಪ್ರಾಕೆಟ್ ಹಾಕಿದರು. ಬ್ಯಾಟರಿಯವನಿಗೆ ‘ಚಾರ್ಜ್ ಸಾಲದು’ ಎಂದು ಕೇಳಿಸಿತು. “ಚಿಂತಿ ಬ್ಯಾಡ್ರೀ, ದೊಡ್ಡ ಬ್ಯಾಟರಿ ಕೊಡ್ತೀನ್ರೀ” ಎಂದು ಮನೆಗಳಿಗೆ ಹಾಕುವ ಯುಪಿಎಸ್‌ನ ನೀರು ತುಂಬುವ ದೊಡ್ಡ ಬ್ಯಾಟರಿಗಳನ್ನು ಗ್ಯಾರೇಜಿಗೆ ಕಳಿಸಿಬಿಟ್ಟ. ನಾನು ಓದಿದವಳಲ್ಲವೇ, ಪುಸ್ತಕದಲ್ಲಿ ಕರೆಂಟ್ ಅಂದರೆ ಆಂಪಿಯರ್. ಮೋಟಾರಿಗೆ ಆಂಪಿಯರ್ ಸಾಲದು ಎಂದುಕೊಂಡು ಕಂಟ್ರೋಲರಿನ ಮಿತಿಯ ಸ್ಕ್ರೂ ತಿರುಗಿಸಿ ಇನ್ನಷ್ಟು ಬಿಡುವಂತೆ ಮಾಡಿ ಕಳಿಸಿದೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಾನು ಇನ್ನೊಂದು ಕಡೆಗೆಳೆದೆ.

ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಗುಡ್ಡದ ಬುಡದಲ್ಲಿ ಸೇರಿದೆವು. ಗಾಡಿಯ ಹಿಂಭಾಗ ಭಾರಕ್ಕೆ ನೆಲ ಮುಟ್ಟುವಂತೆ ಕುಸಿದಿತ್ತು. ನಾನು “ಇದೇನಿದು?” ಎಂದು ಬಾಯಿ ತೆರೆಯುವುದರೊಳಗೆ ಸವಾರ ದೂರದಿಂದ ಓಡಿಸಿಕೊಂಡು ಬಂದು ಏರಿದ. ಮೊದಲು ನಿಲ್ಲುತ್ತಿದ್ದ ಜಾಗಕ್ಕಿಂತ ಕೆಳಗೇ ಗಾಡಿ ಸತ್ತಿತು. ಆ ಭಾರವನ್ನು ಒಂದು ಕೈಯಲ್ಲಿ ತಡೆಯಲಾಗದೆ ಅವನು ಹಿಂದಕ್ಕೆ ಜಾರಿ, ಗಾಡಿಯ ಸಮೇತ ಅಡ್ಡ ಬಿದ್ದ. ಬ್ಯಾಟರಿಯ ಮುಚ್ಚಳ ಬಿಚ್ಚಿ ಆಸಿಡ್ ಅವನ ಕಾಲ ಮೇಲೆ ಹರಿಯಿತು.

“ಅಯ್ಯೋ ನೀರು! ನೀರು ತನ್ನಿ!” ಎಂದು ಅರಚಿಕೊಂಡು ಓಡಿದೆ. ಪಕ್ಕದ ಕಟ್ಟಡದವರು ಇಟ್ಟಿಗೆಗೆ ಹಾಕಲು ತುಂಬಿಟ್ಟಿದ್ದ ಡ್ರಮ್ಮಿನಿಂದ ಬಕೆಟ್ ಬಕೆಟ್ ಮೊಗೆದು ಅವನ ಕಾಲಿಗೆ ಸುರಿದೆವು. ಜೀನ್ಸ್ ತೂತು ತೂತಾಗಿತ್ತು. ಚರ್ಮ ಕೆಂಪಾದದ್ದು ಬಿಟ್ಟರೆ, ದೇವರು ದೊಡ್ಡವನು, ಬೇರೇನೂ ಆಗಲಿಲ್ಲ. ಅವನು ಬಿದ್ದಿದ್ದು ಎಡ ಭುಜದ ಮೇಲೆ ಆಗಿದ್ದರೆ? ಅದನ್ನು ನೆನೆದೇ ನನ್ನ ಸಿಟ್ಟು ನೆತ್ತಿಗೇರಿತು.

“ಯಾರ್ರೀ ಈ ನೀರ್ ಬ್ಯಾಟರಿ ಹಾಕಿದ್ದು? ಉರುಳೋ ಗಾಡಿಗೆ ಆಸಿಡ್ ತುಂಬಿರೋ ಡಬ್ಬ ಕಟ್ಟಿದೀರಲ್ಲ, ಮೈಮೇಲೆ ಜ್ಞಾನ ಇದೆಯಾ ನಿಮಗೆ?”

ಬ್ಯಾಟರಿಯವನು ಬಿಳಿಚಿಕೊಂಡಿದ್ದ. “ಕರೆಂಟ್ ಕಮ್ಮಿ ಬೀಳಾಕತ್ತೈತಿ ಅಂದ್ರಲ್ರೀ ಮೇಡಂ, ಅದಕ್ಕ ಜಾಸ್ತಿ ಕರೆಂಟ್ ಇರೂದು ಕೊಟ್ಟೆ.”

“ನಾನೂ ಕರೆಂಟ್ ಕಮ್ಮಿ ಅಂತಾನೇ ಸ್ಪ್ರಾಕೆಟ್ ಚೇಂಜ್ ಮಾಡಿದ್ದು” ಎಂದರು ಗ್ಯಾರೇಜಿನವರು.

“ಸ್ಪ್ರಾಕೆಟ್ ಬೇರೆ ಬದಲಾಯಿಸಿದ್ದೀರಾ?” ತಲೆ ಕೆಟ್ಟು ಕೆರ ಹಿಡಿಯಿತು ನನಗೆ. ನಾನು ತಿರುಗಿಸಿದ ಸ್ಕ್ರೂ ನೆನಪಾಗಿ ಇನ್ನೂ ಉರಿಯಿತು.

ಮಾರನೇ ದಿನ ಎಲ್ಲರನ್ನೂ ಅಂಗಡಿಗೆ ಕರೆಸಿದೆ. “ಇವತ್ತಿಂದ ಇಲ್ಲಿ ಯಾರೂ ಕರೆಂಟ್ ಅನ್ನೋ ಹಾಗಿಲ್ಲ. ಏನು ನೋಡಿದ್ರೋ ಅದನ್ನ ಹೇಳಿ. ಮೀಟರಲ್ಲಿ ಕಂಡಿದ್ದು ಹೇಳಿ. ಕರೆಂಟ್ ಅಂದವರಿಗೆ ಕಾಫಿ ಇಲ್ಲ.”

“ಹಂಗಂದ್ರ ಏನನ್ನೂದ್ರೀ ಅದಕ್ಕ?” ಎಂದ ಬ್ಯಾಟರಿಯವನು.

“ನಿಮ್ಮನೆ ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ಅದು ವೋಲ್ಟು. ನಲ್ಲಿಲಿ ಎಷ್ಟು ಜೋರಾಗಿ ನೀರು ಸುರಿಯುತ್ತೆ, ಅದು ಆಂಪಿಯರ್. ಟ್ಯಾಂಕಲ್ಲಿ ಒಟ್ಟು ಎಷ್ಟು ನೀರಿದೆ, ಅದು ನೀವು ಬ್ಯಾಟರಿ ಮೇಲೆ ಬರೆದು ಮಾರೋ ಎಎಚ್, ಆಂಪಿಯರ್-ಅವರ್. ಮೂರೂ ಬೇರೆ. ಮೂರನ್ನೂ ಕರೆಂಟ್ ಅಂದ್ರೆ ಹುಡುಗ ಸಾಯ್ತಾನೆ.”

ಆ ದಿನ ಬ್ಯಾಟರಿಯವನಿಗೆ ಕಾಫಿ ಸಿಗಲಿಲ್ಲ, ಬಾಯಿತಪ್ಪಿ ಮತ್ತೆ ಅಂದುಬಿಟ್ಟ.

ಹಳೆಯ ಸೀಲ್ಡ್ ಬ್ಯಾಟರಿ, ಹಳೆಯ ಸ್ಪ್ರಾಕೆಟ್ಟು, ಸ್ಕ್ರೂ ಹಳೆಯ ಜಾಗಕ್ಕೆ. ಎಲ್ಲವನ್ನೂ ಮೊದಲಿನಂತೆ ಮಾಡಿದೆವು. ಖಾಲಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕಿನ ಮೇಲೆ ಎರಡು ಮೀಟರ್ ಕಟ್ಟಿದೆ, ಒಂದು ವೋಲ್ಟಿಗೆ, ಒಂದು ಆಂಪಿಯರಿಗೆ. “ಹತ್ತುವಾಗ ವೋಲ್ಟ್ ಮೀಟರ್ ನೋಡಿ ಕೂಗ್ತಾ ಹೋಗು” ಎಂದೆ ಸವಾರನಿಗೆ. ಅವನು ಗುಡ್ಡ ಹತ್ತುತ್ತಾ, ಹೆಲ್ಮೆಟ್ಟಿನೊಳಗಿಂದ, ಬಸ್ ಕಂಡಕ್ಟರ್ ಸ್ಟಾಪ್ ಕೂಗುವ ಹಾಗೆ ಕೂಗಿದ.

“ಐವತ್ತು! ನಲವತ್ತಾರು! ನಲವತ್ಮೂರು! ನಲವತ್ತು...”

ಗಾಡಿ ಸತ್ತಿತು. ಇಷ್ಟೇ ವಿಷಯ. ಚಾರ್ಜ್ ಬೇಕಾದಷ್ಟಿತ್ತು. ಮೋಟಾರೂ ಚೆನ್ನಾಗಿತ್ತು. ಇನ್ನೊಂದು ಮೀಟರಿನಲ್ಲಿ ಅವನು ಕಂಡಂತೆ, ದಿಬ್ಬದಲ್ಲಿ ಮೋಟಾರ್ ನೂರೈವತ್ತು ಆಂಪಿಯರ್ ಎಳೆಯುತ್ತಿತ್ತು, ಆ ಎಳೆತಕ್ಕೆ ಬ್ಯಾಟರಿಯ ವೋಲ್ಟು ಕುಸಿದು, ಕಂಟ್ರೋಲರ್ ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಬಾಗಿಲು ಹಾಕುತ್ತಿತ್ತು. ಸಣ್ಣ ಸ್ಪ್ರಾಕೆಟ್ ಹಾಕಿದರೆ ಮೋಟಾರಿನ ಮೇಲೆ ಹೊರೆ ಹೆಚ್ಚು, ಎಳೆತ ಹೆಚ್ಚು. ಭಾರದ ಬ್ಯಾಟರಿ ಹಾಕಿದರೆ ಇನ್ನೂ ಹೆಚ್ಚು. ನಾನು ಸ್ಕ್ರೂ ತಿರುಗಿಸಿ ಆ ಎಳೆತಕ್ಕೆ ದಾರಿ ಮಾಡಿಕೊಟ್ಟಿದ್ದೆ. ಮೂವರೂ ಅವನನ್ನು ಬೀಳಿಸುವುದಕ್ಕೆ ಸಂಚು ಮಾಡಿದ್ದರೂ ಇಷ್ಟು ಒಪ್ಪವಾಗಿ ಆಗುತ್ತಿರಲಿಲ್ಲ.

ಬ್ಯಾಟರಿಯವನು ಮೀಟರನ್ನೇ ನೋಡುತ್ತಾ ನಿಂತಿದ್ದವನು ಕೇಳಿದ: “ಅಂದ್ರ ಟ್ಯಾಂಕಿನ್ಯಾಗ ನೀರೈತಿ, ಪೈಪ್ ಸಣ್ಣದೈತಿ. ಹೌದಲ್ರೀ?”

“ಹೌದು!”

“ಹಂಗಾದ್ರ ಇದು ನಡಿಯಂಗಿಲ್ರೀ ಮೇಡಂ. ಇವು ತಾಸುಗಟ್ಟಲೆ ನಿಧಾನಕ್ಕ ಕೊಡೂ ಬ್ಯಾಟರಿ. ದೊಡ್ಡ ಕಂಪ್ಯೂಟರ್ ರೂಮಿಗೆ ಹಾಕೂ ಬ್ಯಾರೆ ಜಾತಿ ಬರ್ತಾವು. ಜನರೇಟರ್ ಚಾಲೂ ಆಗೂತನಕ ಅಷ್ಟ, ಹತ್ತ್ ನಿಮಿಷದಾಗ ಇದ್ದದ್ದೆಲ್ಲಾ ಕಕ್ಕಿಬಿಡ್ತಾವು.”

ಇದನ್ನು ಮೊದಲೇ ಹೇಳಬಾರದಿತ್ತೇನ್ರೀ ಎಂದು ರೇಗಿದೆ. “ನೀವು ಕೇಳಿದ್ದು ಬರೇ ಕರೆಂ...” ಎಂದವನು ನಾಲಿಗೆ ಕಚ್ಚಿಕೊಂಡ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು.

ಈಗ ತೀರ್ಮಾನ ಸವಾರನದು. ಆ ಬ್ಯಾಟರಿಯಲ್ಲಿ ದಿಬ್ಬ ಹತ್ತಬಹುದು, ರೇಸಿನ ಸುತ್ತುಗಳನ್ನು ಮುಗಿಸಬಹುದು, ದೂರ ಹೋಗಲಾಗದು. ಅವನಿಗೋ ಪೆಟ್ರೋಲ್ ಗಾಡಿಯ ಹಾಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕನಕಪುರ ರಸ್ತೆಯುದ್ದಕ್ಕೂ ಸುತ್ತುವ ಆಸೆ. ಜೊತೆಗೆ ಹಿಂದಿನ ಚಕ್ರಕ್ಕೆ ಮೊದಲಿಗಿಂತ ದೊಡ್ಡ ಸ್ಪ್ರಾಕೆಟ್ ಹಾಕಬೇಕೆಂದೆ. ಮೋಟಾರಿಗೆ ಹೊರೆ ಇಳಿಯುತ್ತದೆ, ಆದರೆ ವೇಗವೂ ಇಳಿಯುತ್ತದೆ.

“ಪಿಕಪ್ಪೂ ಹೋಯ್ತು, ದೂರಾನೂ ಹೋಯ್ತು. ಇನ್ನೇನಕ್ಕ ಉಳೀತು?” ಎಂದ ಮುಖ ಊದಿಸಿಕೊಂಡು.

“ಪಿಕಪ್ ಹೋಗಲ್ಲ, ಟಾಪ್ ಸ್ಪೀಡ್ ಹೋಗುತ್ತೆ. ನಿಂಗೆ ದೂರ ಬೇಕಾ, ದಿಬ್ಬ ಬೇಕಾ? ಒಂದು ಹೇಳು. ಎರಡೂ ಬೇಕು ಅಂದ್ರೆ ಬೇರೆ ಅಂಗಡಿ ನೋಡ್ಕೋ.”

ಅವನು ಎಡಗೈಯನ್ನು ಬಲಗೈಯಲ್ಲಿ ಹಿಡಿದು ಬೆರಳು ನೀವಿಕೊಂಡ.

“ದಿಬ್ಬ.”

ಅಲ್ಲಿಂದ ಮುಂದೆ ಎಲ್ಲರೂ ಒಂದೇ ಕಡೆ ಎಳೆದೆವು. ಬ್ಯಾಟರಿಯವನು ಆ ಬೇರೆ ಜಾತಿಯ ನಾಲ್ಕು ಬ್ಯಾಟರಿ ಹುಡುಕಿ ತಂದ. ಪ್ರತಿಯೊಂದಕ್ಕೂ ಹೊರೆ ಹಾಕಿ ವೋಲ್ಟು ಎಷ್ಟು ಇಳಿಯುತ್ತದೆಂದು ನೋಡಿದೆ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕುಸಿಯಿತು. “ಎತ್ತುಗಳ ಜೋಡೀಲಿ ಒಂದು ಕುಂಟಿದ್ರೆ ಗಾಡಿ ಹೋಗುತ್ತೇನ್ರೀ?” ಎಂದು ವಾಪಸ್ ಕಳಿಸಿದೆ. ಗೊಣಗದೆ ಬದಲಾಯಿಸಿಕೊಟ್ಟ. ಅಭ್ಯಾಸ ಮುಗಿದ ಮೇಲೆ ಕೇಬಲ್ಲುಗಳನ್ನು ಮುಟ್ಟಿ ನೋಡಿದರೆ ಕೈ ಸುಡುತ್ತಿತ್ತು. ದಾರಿಯಲ್ಲೇ ಅರ್ಧ ವೋಲ್ಟು ಶಾಖವಾಗಿ ಸೋರುತ್ತಿತ್ತು. ಗ್ಯಾರೇಜಿನವರು ತಮ್ಮ ವೆಲ್ಡಿಂಗ್ ಸೆಟ್ಟಿನ ದಪ್ಪ ಕೇಬಲ್ ಕತ್ತರಿಸಿ ಕೊಟ್ಟರು. ಕೊಡುವಾಗ ಕರುಳು ಕಿತ್ತು ಕೊಟ್ಟವರ ಹಾಗೆ ಮುಖ ಮಾಡಿದರು, ಆದರೂ ಕೊಟ್ಟರು.

ದಿಬ್ಬದ ನಡುವೆ ನಿಂತು ಮತ್ತೆ ಹೊರಡುವುದು ಇನ್ನೂ ಕಷ್ಟ. ನಿಂತ ಮೋಟಾರ್ ಅತಿ ಹೆಚ್ಚು ಎಳೆಯುತ್ತದೆ. ಒಮ್ಮೆಲೇ ತಿರುಗಿಸಿದರೆ ಹಿಂದಿನ ಚಕ್ರ ಮಣ್ಣು ತೋಡಿ ಹೂತುಹೋಗುತ್ತಿತ್ತು. ಬಲಗಾಲಿನ ಬ್ರೇಕಿನಲ್ಲಿ ಗಾಡಿಯನ್ನು ಹಿಡಿದು, ಎಕ್ಸಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿ, ಚೈನು ಬಿಗಿಯಾದ ಸದ್ದು ಕೇಳಿದ ಮೇಲೆ ಬ್ರೇಕ್ ಬಿಡಬೇಕು. ನಾನು ಕೆಳಗೆ ನಿಂತು “ಆತುರಗೆಟ್ಟವನೇ, ನಿಧಾನ!” ಎಂದು ಅರಚುತ್ತಿದ್ದೆ. ಅವನು ಹತ್ತಾರು ಸಲ ಹೂತುಕೊಂಡ, ಹತ್ತಾರು ಸಲ ಎಳೆದು ತೆಗೆದೆವು. ಕೊನೆಗೊಂದು ಬೆಳಿಗ್ಗೆ ನಿಂತು, ಹೊರಟು, ತುದಿ ಮುಟ್ಟಿ ಅಲ್ಲಿಂದ ಕೂಗಿದ: “ನಲವತ್ನಾಲ್ಕಕ್ಕಿಂತ ಕೆಳಗೆ ಇಳೀಲೇ ಇಲ್ಲ ಅಕ್ಕ!” ಗ್ಯಾರೇಜಿನವರು ಬ್ಯಾಟರಿಯವನನ್ನು ಎತ್ತಿಕೊಂಡು ಕುಣಿದರು.

ತಪಾಸಣೆಯ ದಿನ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಊರಾಚೆಯ ಟ್ರ್ಯಾಕಿಗೆ ಹೋದೆವು. ಸವಾರ ತನ್ನ ಹಳೆಯ ರೇಸಿನ ಜಾಕೆಟ್ ಹಾಕಿಕೊಂಡಿದ್ದ. ಅಲ್ಲಿದ್ದವರು ಕೆಲವರು ಗುರುತು ಹಿಡಿದು ಬೆನ್ನು ತಟ್ಟಿದರು. ತಪಾಸಣೆ ಮಾಡುವ ಸಾಹೇಬರು ಕುತ್ತಿಗೆಗೆ ಸೀಟಿ ಹಾಕಿಕೊಂಡು, ಗಾಡಿಯ ಸುತ್ತ ಎರಡು ಸುತ್ತು ಹಾಕಿ, “ಹತ್ತಿ” ಎಂದರು.

ಸವಾರ ಹತ್ತಿದ. ಅರ್ಧಕ್ಕೆ ನಿಂತ. ಚೈನು ಬಿಗಿಯಾಯಿತು, ಬ್ರೇಕ್ ಬಿಟ್ಟ, ಸದ್ದಿಲ್ಲದೆ ತುದಿ ಮುಟ್ಟಿದ. ಸಾಹೇಬರು “ಇನ್ನೊಂದ್ ಸಲ” ಎಂದರು. ಇನ್ನೊಂದು ಸಲವೂ ಹತ್ತಿದ. ಸುತ್ತ ನಿಂತ ಹುಡುಗರು ಶಿಳ್ಳೆ ಹೊಡೆದರು.

ಸಾಹೇಬರು ಬಂದು ಸವಾರನ ಎಡಗೈ ಹಿಡಿದುಕೊಂಡರು. ನಾನು ಶಭಾಷ್ ಅನ್ನುತ್ತಾರೆ ಅಂದುಕೊಂಡೆ.

“ಜೋರಾಗಿ ಒತ್ತಿ ನೋಡೋಣ.”

ಅವನು ಒತ್ತಿದ. ಸಾಹೇಬರು ಕೈ ಬಿಟ್ಟರು.

“ಗಾಡಿ ಪಾಸ್. ನಾಳೆ ಜನಕ್ಕೆ ತೋರಿಸೋಣ, ಒಳ್ಳೆ ಐಟಂ. ಆದ್ರೆ ಓಡಿಸೋಕೆ ಬೇರೆ ಯಾರನ್ನಾದ್ರೂ ಕೂರಿಸಿ. ಈ ಕೈಲಿ ಇವರನ್ನ ಬಿಡಕ್ಕಾಗಲ್ಲ. ಪಾಪ, ಆಸೆ ಇರುತ್ತೆ, ಏನ್ಮಾಡೋದು.”

ಸವಾರ ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಂಡ.

“ಅಲ್ಲಾ ಸ್ವಾಮಿ!” ನನ್ನ ಸ್ವರ ನನಗೇ ಅಪರಿಚಿತವಾಗಿ ಕೇಳಿಸಿತು. “ಕೈ ಹಿಂಗಿದೆ ಅಂತ ಮೊದಲೇ ಹೇಳಿರ್ಲಿಲ್ವಾ ಅವನು? ಕೈ ಹಿಂಗಿದೆ ಅಂತಾನೇ ತಾನೇ ಈ ಗಾಡಿ ಮಾಡಿದ್ದು? ದಿಬ್ಬ ಹತ್ತಿದ್ರೆ ಬಿಡ್ತೀವಿ ಅಂದ್ರಿ. ಎರಡೆರಡು ಸಲ ಹತ್ತಿಲ್ವಾ? ನಿಮ್ಮ ಕಣ್ಣೇನು ಬೆನ್ನಲ್ಲಿದೆಯಾ?”

“ಮೇಡಂ, ರೇಗಬೇಡಿ. ನಮಗೂ ಜವಾಬ್ದಾರಿ ಇದೆ. ಬಿದ್ದು ಗಿದ್ದು ಏನಾದ್ರೂ ಆದ್ರೆ?”

“ಎರಡೂ ಕೈ ಗಟ್ಟಿ ಇದ್ದಾಗಲೇ ಅಲ್ವಾ ಅವನು ಬಿದ್ದಿದ್ದು! ಆವಾಗ ಎಲ್ಲೋಗಿತ್ತು ನಿಮ್ಮ ಜವಾಬ್ದಾರಿ?”

ಸಾಹೇಬರು ಮುಂದಿನ ಗಾಡಿಯ ಕಡೆ ನಡೆದರು. ಅಷ್ಟರಲ್ಲಿ ಗ್ಯಾರೇಜಿನವರು ಹತ್ತಿರ ಬಂದು ಮೆಲ್ಲಗೆ, “ಮೇಡಂ, ಅವರು ಹೇಳೋದೂ ಒಂದ್ ಲೆಕ್ಕಕ್ಕೆ ಸರಿ. ಬೇರೆ ಹುಡುಗನ್ನ ಕೂರಿಸೋಣ್ವಾ? ಇಷ್ಟ್ ಕಷ್ಟಪಟ್ಟಿದೀವಿ, ಗಾಡಿಯಾದ್ರೂ ಓಡ್ಲಿ. ನಾಲ್ಕ್ ಜನ ನೋಡ್ತಾರೆ” ಎಂದರು.

ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನನಗೂ ಆಸೆಯಾಯಿತು. ನಾಲ್ಕು ಜನ ನೋಡಿದರೆ ನನ್ನ ಅಂಗಡಿಗೆ ಬಂದು ಸಾರ್ ಎಲ್ಲಿ ಎಂದು ಕೇಳುವವರು ಕಡಿಮೆಯಾಗುತ್ತಿದ್ದರು. ಸವಾರ ಗಾಡಿಯ ಮೇಲೆ ಕೂತೇ ಇದ್ದ. ಅವನು ಇಳಿದು ಬೇರೆಯವನಿಗೆ ಬಿಟ್ಟುಕೊಡುವುದನ್ನು ನೆನೆದೆ. ಗ್ಯಾರೇಜಿನವರ ಕಡೆ ತಿರುಗಿದೆ.

“ಈ ಮೋಟಾರು, ಈ ಬ್ಯಾಟರಿ, ಈ ಸ್ಪ್ರಾಕೆಟ್ಟು, ಒಂದೊಂದೂ ಅವನ ಕೈಗೆ ಅಂತ ಜೋಡಿಸಿದ್ದು. ಇನ್ನೊಬ್ಬ ಮುಟ್ಟಿದ್ರೆ ಮೇನ್ ಫ್ಯೂಸ್ ಕಿತ್ತು ಕೆರೆಗೆ ಎಸೀತೀನಿ. ಗಾಡಿ ಟೆಂಪೋಗೆ ಹೇರಿ. ಹೊರಡೋಣ.”

ಹೇರಲು ಹಲಗೆ ಇಳಿಸುವಷ್ಟರಲ್ಲಿ ಸವಾರ ಗಾಡಿ ತಿರುಗಿಸಿದ. ಟ್ರ್ಯಾಕಿನ ಕಡೆಗಲ್ಲ, ಹೊರಗಿನ ಮಣ್ಣು ರಸ್ತೆಯ ಕಡೆ. ಯಾರನ್ನೂ ಕೇಳಲಿಲ್ಲ, ಹೋದ.

“ಏಯ್! ನಿಂತ್ಕೊಳೋ!” ಎಂದು ಅರಚಿದೆ. ಯಾರು ಕೇಳಬೇಕು?

ಟೆಂಪೋ ಹತ್ತಿ ಹಿಂದೆ ಬಿದ್ದೆವು. ಮುಂದೆ ಕೆಂಧೂಳು, ಧೂಳಿನೊಳಗೆ ಅವನು. ಏರು ಬಂದರೆ ಮೈ ಮುಂದಕ್ಕೆ ಬಾಗಿಸುತ್ತಿದ್ದ, ಇಳಿಜಾರಿನಲ್ಲಿ ಎದ್ದು ನಿಲ್ಲುತ್ತಿದ್ದ, ತಿರುವಿನಲ್ಲಿ ಒಂದು ಕಾಲು ಚಾಚಿ ನೆಲ ಸವರುತ್ತಿದ್ದ. ಎರಡು ವರ್ಷ ಕುರ್ಚಿಯಲ್ಲಿ ಕೂತಿದ್ದವನು ಇವನೇನಾ ಎನ್ನಿಸಿತು. ಬ್ಯಾಟರಿಯವನು ಕಿಟಕಿಯಿಂದ ತಲೆ ಹೊರಹಾಕಿ “ಹೊಂಟಾನ್ರೀ, ಎಂಥಾ ಹೊಂಟಾನ್ರೀ!” ಎನ್ನುತ್ತಿದ್ದ. ನಾನು ಮಾತ್ರ ಬ್ಯಾಟರಿಯ ಲೆಕ್ಕ ಹಾಕುತ್ತಾ ಹಲ್ಲು ಕಡಿಯುತ್ತಿದ್ದೆ. ಎರಡು ಸಲ ದಿಬ್ಬ ಹತ್ತಿ ಆಗಲೇ ಇಳಿದಿದ್ದ ಬ್ಯಾಟರಿ. ಇನ್ನೆಷ್ಟು ದೂರ ಹೋದೀತು?

ಒಂದು ನೀಲಗಿರಿ ತೋಪಿನ ಪಕ್ಕ ಗಾಡಿ ನಿಂತಿತ್ತು. ಸವಾರ ಹೆಲ್ಮೆಟ್ ತೆಗೆದು ರಸ್ತೆಯಂಚಿನಲ್ಲಿ ಕೂತಿದ್ದ. ಮುಖದ ತುಂಬ ಧೂಳು. ನಾನು ಟೆಂಪೋ ಪೂರ್ತಿ ನಿಲ್ಲುವ ಮೊದಲೇ ಇಳಿದೆ.

“ಬುದ್ಧಿ ಇದೆಯೇನೋ ನಿಂಗೆ? ಬ್ಯಾಟರಿ ಪೂರ್ತಿ ಇಳಿಸ್ಬಿಟ್ರೆ ಮತ್ತೆ ಮೇಲೇಳಲ್ಲ ಅಂತ ಬಡ್ಕೊಂಡಿರ್ಲಿಲ್ವಾ? ತಿರುವಿನಲ್ಲಿ ಆ ಸ್ಪೀಡಾ? ಎದುರಿಗೆ ಲಾರಿ ಬಂದಿದ್ರೆ? ಯಾರ ಮೇಲೋ ಇರೋ ಸಿಟ್ಟನ್ನ ಬ್ಯಾಟರಿ ಮೇಲೆ ತೀರಿಸ್ಕೊಳ್ತೀಯಾ, ಕತ್ತೆ!”

ಅವನು ತಲೆಯೆತ್ತಿದ. ನಗುತ್ತಿದ್ದ. ಧೂಳಿನ ಮೇಲೆ ಕಣ್ಣೀರು ಹರಿದು ಗೆರೆಯಾಗಿತ್ತು.

“ಬೈರಿ ಅಕ್ಕ” ಎಂದ. “ಬಿದ್ದಾಗಿಂದ ಎಲ್ರೂ ನಂಗೆ ಪಾಪ ಅಂತಾರೆ. ಹಿಂಗ್ಯಾಕೋ ಗಾಡಿ ಓಡಿಸ್ತೀಯಾ ಅಂತ ಒಬ್ರೂ ಬೈದಿಲ್ಲ. ಇನ್ನೊಂಚೂರು ಬೈರಿ.”

ಬೈದೆ. ಅವನು ಬ್ರೇಕ್ ಹಿಡಿಯುವ ರೀತಿಗೆ ಬೈದೆ, ತಿರುವಿನಲ್ಲಿ ಕಾಲು ಚಾಚಿದ್ದಕ್ಕೆ ಬೈದೆ, ಮೀಟರ್ ನೋಡದೆ ಓಡಿಸಿದ್ದಕ್ಕೆ ಬೈದೆ. ಗ್ಯಾರೇಜಿನವರು ಹಲಗೆ ಇಳಿಸಿ, ಬ್ಯಾಟರಿಯವನು ಹಿಂದಿನಿಂದ ತಳ್ಳಿ, ಗಾಡಿ ಟೆಂಪೋ ಹತ್ತುವವರೆಗೂ ಬಾಯಿ ತುಂಬ ಬೈದೆ.